ಬುಗುರಿ ಕಾಯುತ್ತಿದ್ದ ಮೇಸ್ತ್ರಿ

ನಮ್ಮ ಮಿಲ್ಲಿಗೆ ಬಂದವರು ಯಾರೇ ಆಗಲಿ, ಮೇಸ್ತ್ರಿಯ ಎದುರು ಒಂದು ಸಲವಾದರೂ ಬಗ್ಗಲೇಬೇಕಿತ್ತು. ಮಾಲೀಕರು ಬಗ್ಗಿದ್ದರು, ಮಾಲೀಕರ ಅಳಿಯಂದಿರು ಬಗ್ಗಿದ್ದರು. ಮಂಡಿನೋವು ಎಂದು ಗೋಗರೆದ ವಿಮೆ ಕಂಪನಿಯ ಸಾಹೇಬರಿಗೆ ಮೇಸ್ತ್ರಿ ತಾವೇ ಗೋಣಿಚೀಲ ಹಾಸಿ, ಕೈಹಿಡಿದು ಕೂರಿಸಿ, “ಈಗ ನೋಡ್ರಿ ಸಾರ್, ಬುಗುರಿ ಎಲ್ಲೈತೆ?” ಎಂದು ಕೇಳಿದ್ದರು. ಸಾಹೇಬರು ನೋಡಿ ಹೇಳಿದರು. ಆಮೇಲೆ ಅವರನ್ನು ಎಬ್ಬಿಸಲು ಇಬ್ಬರು ಬೇಕಾದರು.

ಮೇಸ್ತ್ರಿ ಹೋದ ತಿಂಗಳು ಕೊಂಡ್ಲಹಳ್ಳಿಯಲ್ಲಿ ತೀರಿಕೊಂಡರು. ಹೆಸರು ಬರೆಯಬಹುದಿತ್ತು. ಆದರೆ ಚಳ್ಳಕೆರೆಯ ನಮ್ಮ ಎಣ್ಣೆ ಮಿಲ್ಲಿನಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಆ ಹೆಸರಿಗೆ ಹಾಜರಿ ಪುಸ್ತಕದಲ್ಲಿ ಮಾತ್ರ ಕೆಲಸವಿತ್ತು. ಈಗ ಬರೆದರೆ ಬೇರೆ ಯಾರದೋ ಸಂಗತಿ ಹೇಳುತ್ತಿದ್ದೇನೆ ಎಂದು ನನಗೇ ಅನ್ನಿಸೀತು. ಮೇಸ್ತ್ರಿ ಎಂದೇ ಇರಲಿ.

ಬುಗುರಿಯ ವಿಷಯ ಹೇಳದೆ ಮೇಸ್ತ್ರಿಯ ವಿಷಯ ಹೇಳುವುದು ಸಾಧ್ಯವಿಲ್ಲ. ಎಣ್ಣೆ ಶುದ್ಧ ಮಾಡುವ ಕಡೆ ಪೈಪುಗಳಲ್ಲಿ ಎಣ್ಣೆ, ನೀರು, ಕಾಸ್ಟಿಕ್ ಸೋಡಾ ಕರಗಿಸಿದ ನೀರು ಹರಿಯುತ್ತಿರುತ್ತವೆ. ಯಾವುದು ನಿಮಿಷಕ್ಕೆ ಎಷ್ಟು ಹರಿಯುತ್ತಿದೆ ಎಂದು ತಿಳಿಯಲು ನಡುವೆ ಒಂದು ಗಾಜಿನ ಕೊಳವೆಯನ್ನು ನಿಲ್ಲಿಸಿರುತ್ತಾರೆ. ಅದಕ್ಕೆ ರೋಟಾಮೀಟರ್ ಎನ್ನುತ್ತಾರೆ. ಕೆಳಗೆ ಕಿರಿದು, ಮೇಲೆ ಹೋದಂತೆ ತುಸು ಅಗಲ. ಒಳಗೊಂದು ಉಕ್ಕಿನ ತುಂಡು, ನೋಡಲು ಥೇಟ್ ಬುಗುರಿ. ಕೆಳಗಿನಿಂದ ನುಗ್ಗುವ ಹರಿವು ಅದನ್ನು ಎತ್ತಿ ಹಿಡಿಯುತ್ತದೆ. ಹರಿವು ಹೆಚ್ಚಿದರೆ ಬುಗುರಿ ಮೇಲೇರುತ್ತದೆ, ತಗ್ಗಿದರೆ ಕೆಳಗಿಳಿಯುತ್ತದೆ. ಅದರ ತಲೆ ಗಾಜಿನ ಮೇಲಿನ ಯಾವ ಗೀಟಿಗೆ ಸಮನಾಗಿ ನಿಂತಿದೆಯೋ ಅಷ್ಟು ಲೀಟರು. ಇದಕ್ಕೆ ಕರೆಂಟೂ ಬೇಡ, ಸೆಲ್ಲೂ ಬೇಡ. ಬೇಕಾದದ್ದು ಮರ್ಯಾದೆ ಮಾತ್ರ ಎಂದು ಮೇಸ್ತ್ರಿ ಹೇಳುತ್ತಿದ್ದರು.

ನಮ್ಮಲ್ಲಿ ಹಳೆಯ ಕಾಲದ ಯಾವನೋ ಫಿಟ್ಟರು ಈ ಮೀಟರುಗಳನ್ನು ಸೊಂಟದ ಎತ್ತರಕ್ಕೆ ಕೂರಿಸಿ ಹೋಗಿದ್ದ. ನಿಂತುಕೊಂಡೇ ಮೇಲಿನಿಂದ ನೋಡಿದರೆ ಒಂದು ಗೀಟು ತಪ್ಪಾಗಿ ಕಾಣುತ್ತದೆ. ಕಣ್ಣು ಬುಗುರಿಯ ತಲೆಯ ಸಮಕ್ಕೆ ಬರಬೇಕು, ಅದಕ್ಕೇ ಈ ಬಗ್ಗುವ ಶಾಸ್ತ್ರ. ಯಾರಾದರೂ ಮುಖ ಸಿಂಡರಿಸಿದರೆ ಮೇಸ್ತ್ರಿ, “ಬಗ್ಗೋದು ನನಗಲ್ರೀ, ಬುಗುರಿಗೆ. ನಾನೂ ಬಗ್ತೀನಲ್ಲ” ಎನ್ನುತ್ತಿದ್ದರು. ಆರಡಿ ಎತ್ತರದ ಮನುಷ್ಯ ದಿನಕ್ಕೆ ನಲವತ್ತು ಸಲ ಬಗ್ಗಿ ಬಗ್ಗಿ, ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಪ್ರಶ್ನಾರ್ಥಕ ಚಿಹ್ನೆಯ ಆಕಾರಕ್ಕೆ ಬಂದಿದ್ದರು. ಆದರೆ ಜಗತ್ತಿನಲ್ಲಿ ಉಳಿದದ್ದೆಲ್ಲ ನೆಟ್ಟಗಿರಬೇಕು ಎಂಬುದು ಅವರ ಹಟ.

ರೋಟಾಮೀಟರು ಒಂದು ಕೂದಲೆಳೆಯಷ್ಟು ವಾಲಿದರೂ ಬುಗುರಿ ಗಾಜಿಗೆ ಒರಗಿಕೊಂಡು ಸುಳ್ಳು ಹೇಳುತ್ತದೆ. ಅದಕ್ಕಾಗಿ ಮೇಸ್ತ್ರಿಯ ಜೇಬಿನಲ್ಲಿ ಗಾರೆ ಕೆಲಸದವರು ಗೋಡೆ ನೆಟ್ಟಗಿದೆಯೇ ಎಂದು ದಾರದಲ್ಲಿ ಇಳಿಬಿಟ್ಟು ನೋಡುವ ತೂಕದ ಗುಂಡು ಸದಾ ಇರುತ್ತಿತ್ತು. ಅಂಗಿಯ ಎಡಜೇಬು ಅದರ ಭಾರಕ್ಕೆ ಜೋತುಬಿದ್ದು, ನೆಟ್ಟಗಿರಬೇಕು ಎನ್ನುವ ಮನುಷ್ಯನ ಅಂಗಿಯೇ ಒಂದು ಕಡೆಗೆ ವಾಲಿಕೊಂಡಿರುತ್ತಿತ್ತು. ಇದನ್ನು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ನನಗಿತ್ತು, ಹೇಳಿದೆ. ಎರಡು ದಿನ ಮಾತು ಬಿಟ್ಟರು.

ಪಾಠ ಹೇಳುವಾಗ ಕನ್ನಡ, ಸಿಟ್ಟು ಬಂದಾಗ ತೆಲುಗು. ಕೊಂಡ್ಲಹಳ್ಳಿ ಕಡೆಯವರಿಗೆ ಎರಡೂ ಮನೆಮಾತೇ. “ನಿಟಾರುಗಾ ಉಂಡಾಲಿರಾ!”, ನೆಟ್ಟಗಿರಬೇಕು ಕಣೋ, ಎಂದು ಅವರ ದನಿ ಕೇಳಿಸಿತೆಂದರೆ, ಯಾವುದೋ ಮೀಟರು ವಾಲಿದೆ ಅಥವಾ ಯಾವನೋ ಗೋಡೆಗೆ ಒರಗಿ ನಿಂತಿದ್ದಾನೆ ಎಂದು ತಿಳಿದು ಇಡೀ ಮಿಲ್ಲು ಸೆಟೆದು ನಿಲ್ಲುತ್ತಿತ್ತು.

ಮಗಳ ಮದುವೆಯ ಸೀರೆಗೆಂದು ಮೊಳಕಾಲ್ಮುರಿಗೆ ಹೋದಾಗಲೂ ಗುಂಡು ಜೇಬಿನಲ್ಲೇ ಇತ್ತು. ನೇಕಾರರ ಮನೆಯಲ್ಲಿ ಹೆಂಗಸರು ಅಂಚು, ಸೆರಗು ನೋಡುತ್ತಿದ್ದರೆ ಇವರು ಗುಂಡು ಇಳಿಬಿಟ್ಟು ಮಗ್ಗದ ಕಂಬ ನೋಡಿದರಂತೆ. “ಸ್ವಾಮಿ, ನಿಮ್ಮ ಮಗ್ಗ ಒಂದು ಬೆರಳು ವಾಲೈತೆ” ಎಂದರು. ನೇಕಾರರು ಲಾಳಿ ನಿಲ್ಲಿಸದೆ, “ನಮ್ಮ ತಾತನ ಕಾಲದಿಂದ ವಾಲೈತೆ. ಸೀರೆ ನೆಟ್ಟಗೆ ಬರ್ತೈತೆ. ತಗಂತೀರಾ ಇಲ್ವಾ?” ಎಂದರು. ಮೇಸ್ತ್ರಿ ಸುಮ್ಮನೆ ತೆಗೆದುಕೊಂಡರು. ಜೀವನದಲ್ಲಿ ಅವರು ಎದುರುತ್ತರ ಕೊಡದೆ ಬಂದ ಜಾಗ ಅದೊಂದೇ ಇರಬೇಕು.

ವಾಲ್ವ್ ತಿರುಗಿಸುವುದಕ್ಕೂ ಅವರದೊಂದು ಕಟ್ಟಳೆ ಇತ್ತು. ದೊಡ್ಡಉಳ್ಳಾರ್ತಿಯಿಂದ ಬರುತ್ತಿದ್ದ ಒಬ್ಬ ಆಪರೇಟರು ಮೊದಲ ದಿನ ಉಮೇದಿನಲ್ಲಿ ವಾಲ್ವನ್ನು ಒಂದೇ ಏಟಿಗೆ ತೆರೆದ. ಬುಗುರಿ ಬಂದೂಕಿನ ಗುಂಡಿನಂತೆ ಹಾರಿ ಮೇಲಿನ ತಡೆಗೆ ಬಡಿದು ಗಾಜು ಬಿರುಕು ಬಿಟ್ಟಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮೇಸ್ತ್ರಿ ಬೈಯಲಿಲ್ಲ. “ನಿಮ್ಮನೇಲಿ ಎಮ್ಮೆ ಐತಾ?” ಎಂದು ಕೇಳಿದರು. ಇದೆ ಎಂದ. “ಕೆಚ್ಚಲಿಗೆ ಕೈ ಹಾಕೋವಾಗ ಹೆಂಗ್ ಹಾಕ್ತೀಯ? ಗಬಕ್ ಅಂತ ಹಾಕಿದ್ರೆ ಒದಿಯಲ್ವಾ? ಇದೂ ಹಂಗೇ ಕಣಲೇ. ಮೊದ್ಲು ಸವರು.” ಅಂದಿನಿಂದ ನಮ್ಮ ಮಿಲ್ಲಿನಲ್ಲಿ ವಾಲ್ವನ್ನು ಸವರದೆ ಯಾರೂ ತಿರುಗಿಸಲಿಲ್ಲ.

ಗುಳ್ಳೆಗಳನ್ನು ಕಂಡರೂ ಅವರಿಗೆ ಆಗುತ್ತಿರಲಿಲ್ಲ. ಪೈಪಿನಲ್ಲಿ ಗಾಳಿಯ ಗುಳ್ಳೆ ಬಂದರೆ ಬುಗುರಿ ಕುಣಿಯುತ್ತದೆ, ಲೆಕ್ಕ ತಪ್ಪುತ್ತದೆ. ಈ ದ್ವೇಷ ಚಹಾದ ಅಂಗಡಿಗೂ ಹೋಗಿತ್ತು. ಗೇಟಿನೆದುರಿನ ಚಹಾದಂಗಡಿಯ ಸಾಬರು ಮೊಳದೆತ್ತರದಿಂದ ಹುಯ್ದು ನೊರೆ ಎಬ್ಬಿಸಿ ಕೊಟ್ಟರೆ, ಮೇಸ್ತ್ರಿ ಲೋಟವನ್ನು ಕಟ್ಟೆಯ ಮೇಲಿಟ್ಟು ನೊರೆ ಇಳಿಯುವವರೆಗೆ ಕಾಯುತ್ತಿದ್ದರು. ಇಳಿದ ಮೇಲೆ ಕಣ್ಣಿನ ಸಮಕ್ಕೆ ಲೋಟ ಹಿಡಿದು ನೋಡಿ, “ಸಾಬ್ರೆ, ಒಂದ್ ಬೆರಳು ಕಮ್ಮಿ ಐತೆ” ಎನ್ನುವರು. ಸಾಬರು ಬೈದುಕೊಂಡೇ ಒಂದು ಬೆರಳು ಹುಯ್ಯುವರು, ಅದರಲ್ಲೂ ನೊರೆ ಬರುವುದು. ಹೀಗೆ ಅವರಿಬ್ಬರಿಗೂ ದಿನದ ಕಾಲುಗಂಟೆ ಚೆನ್ನಾಗಿ ಕಳೆಯುತ್ತಿತ್ತು.

ಅವರ ಎಲ್ಲ ಕಟ್ಟಳೆಗಳಲ್ಲಿ ದೊಡ್ಡದೆಂದರೆ ಇದು: “ಅಂಕಿ ನೋಡೋಕ್ ಮುಂಚೆ, ಅದು ಯಾರಿಗ್ ಬರೆದ ಅಂಕಿ ಅಂತ ಕೇಳು.” ನೀರಿಗೆಂದು ಗೀಟು ಹಾಕಿದ ಮೀಟರಿನಲ್ಲಿ ಎಣ್ಣೆ ಬಿಟ್ಟರೆ ಗೀಟು ಸುಳ್ಳಾಗುತ್ತದೆ. ಎಣ್ಣೆ ಹಗುರ, ಆದರೆ ಮಂದ. ಅದು ಬುಗುರಿಯನ್ನು ಎತ್ತುವ ಬಗೆಯೇ ಬೇರೆ. ಬಿಸಿ ಎಣ್ಣೆಗೆ ಬರೆದದ್ದು ತಣ್ಣನೆ ಎಣ್ಣೆಗೆ ಆಗದು. ನಾನು ಬಿ.ಎಸ್ಸಿ. ಓದಿ ಬಂದವಳು. ಮೂರು ವರ್ಷದಲ್ಲಿ ಯಾವ ಮೇಷ್ಟ್ರೂ ಇದನ್ನು ನನಗೆ ಇಷ್ಟು ಸರಾಗವಾಗಿ ಹೇಳಿಕೊಟ್ಟಿರಲಿಲ್ಲ. ಇಂಥ ಮನುಷ್ಯ ಇದೇ ಕಟ್ಟಳೆಯಲ್ಲಿ ಮುಗ್ಗರಿಸಿ ನನ್ನ ಕೆಲಸಕ್ಕೇ ಸಂಚಕಾರ ತಂದರು. ಅದನ್ನು ಹೇಳಲೆಂದೇ ಬರೆಯಲು ಕುಳಿತದ್ದು.

ಆಗ ನಾನು ಲ್ಯಾಬಿಗೆ ಸೇರಿ ಆರು ತಿಂಗಳಾಗುತ್ತ ಬಂದಿತ್ತು. ಆರು ತಿಂಗಳ ಕೆಲಸ ನೋಡಿ ಖಾಯಂ ಮಾಡುತ್ತೇವೆ ಎಂದಿದ್ದರು. ನಮ್ಮವ್ವ ಹರೆಯದಲ್ಲಿ ಚಳ್ಳಕೆರೆಯ ಮಿಲ್ಲುಗಳ ಅಂಗಳದಲ್ಲಿ ಕೂತು ಕಡಲೆಕಾಯಿಯ ಕಲ್ಲು ಆರಿಸಿದವಳು. ಮಗಳು ಬಿಳಿ ಕೋಟು ಹಾಕಿಕೊಂಡು ಮಿಲ್ಲಿನ ಒಳಗೆ ಕುರ್ಚಿಯಲ್ಲಿ ಕೂರುತ್ತಾಳೆ ಎಂಬುದನ್ನು ಅವಳು ಬೀದಿಗೆಲ್ಲ ಎರಡೆರಡು ಸಲ ಹೇಳಿ ಮುಗಿಸಿದ್ದಳು. ಆ ಕೋಟನ್ನು ನನಗೆ ಒಗೆಯಲೂ ಕೊಡುತ್ತಿರಲಿಲ್ಲ. ಕೆಲಸ ಹೋದರೆ ನನಗಿಂತ ಹೆಚ್ಚಾಗಿ ಅವಳು ಕುಸಿಯುತ್ತಾಳೆ ಎಂಬುದು ನನಗೆ ಗೊತ್ತಿತ್ತು.

ಕಚ್ಚಾ ಎಣ್ಣೆಯಲ್ಲಿ ಒಂದಿಷ್ಟು ಹುಳಿ ಇರುತ್ತದೆ. ಅದನ್ನು ತೆಗೆಯಲು ಕಾಸ್ಟಿಕ್ ನೀರು ಬಿಡುತ್ತಾರೆ. ಕಡಿಮೆಯಾದರೆ ಹುಳಿ ಉಳಿಯುತ್ತದೆ, ಹೆಚ್ಚಾದರೆ ಒಳ್ಳೆಯ ಎಣ್ಣೆಯೇ ಸಾಬೂನಾಗಿ ಹೋಗುತ್ತದೆ. ಕಾಸ್ಟಿಕ್ಕಿನ ಹಳೆಯ ಮೀಟರಿನ ಅಂಕಿಗಳು ಎಂದೋ ಅಳಿಸಿದ್ದವು. ಮೇಸ್ತ್ರಿ ಅಂದಾಜಿನ ಮೇಲೆ ಹಾಕಿದ ಕೆಂಪು ಬಣ್ಣದ ಒಂದು ಬೊಟ್ಟೇ ಅದರ ಲೆಕ್ಕವಾಗಿತ್ತು. ಅದು ಒಡೆದುಹೋಯಿತೆಂದು ಮ್ಯಾನೇಜರು ಹೊಸದನ್ನು ತರಿಸಿದರು. ನಮ್ಮ ಕಾಸ್ಟಿಕ್ ನೀರಿನ ಗಟ್ಟಿತನ ಎಷ್ಟು, ಬಿಸಿ ಎಷ್ಟು ಎಂದೆಲ್ಲ ಬರೆದು ಕಳಿಸಿ, ಅದಕ್ಕೆಂದೇ ಲೀಟರಿನ ಗೀಟು ಹಾಕಿಸಿದ ಮೀಟರು. ಮೇಸ್ತ್ರಿಗೆ ಸಮಾಧಾನವಿಲ್ಲ. “ಕಂಪನಿಯೋರು ಬರೆದ್ರೆ ಆಯ್ತಾ? ನಾವು ಕೇಳ್ಬೇಕು, ಅದು ಹೇಳ್ಬೇಕು” ಎಂದರು.

ಗುಂಡು ಬಿಟ್ಟು ಮೀಟರನ್ನು ನೆಟ್ಟಗೆ ನಿಲ್ಲಿಸಿದರು. ವಾಲ್ವನ್ನು ಸವರಿ ಸವರಿ ತೆರೆದರು. ಕೊನೆಯ ಗುಳ್ಳೆ ಹೋಗುವವರೆಗೆ ಕಾದರು. ಬುಗುರಿ ಹದಿನೈದರ ಗೀಟಿನಲ್ಲಿ ಅಲುಗದೆ ನಿಂತಿತು. ಆಮೇಲೆ ಕೈಗೆ ರಬ್ಬರ್ ಗವಸು ಹಾಕಿಕೊಂಡು, ಹರಿದು ಬಂದ ಕಾಸ್ಟಿಕ್ ನೀರನ್ನು ಒಂದು ಖಾಲಿ ಎಣ್ಣೆ ಡಬ್ಬಕ್ಕೆ ಹಿಡಿದರು. ಗಡಿಯಾರ ನೋಡಲು ನನ್ನನ್ನು ನಿಲ್ಲಿಸಿದ್ದರು. ಚಳ್ಳಕೆರೆಯಲ್ಲಿ ಹುಟ್ಟಿದ ಕೂಸಿಗೂ ಗೊತ್ತು, ಡಬ್ಬ ಎಂದರೆ ಹದಿನೈದು. ಮೀಟರು ನಿಜ ಹೇಳುತ್ತಿದ್ದರೆ ಸರಿಯಾಗಿ ಒಂದು ನಿಮಿಷಕ್ಕೆ ಡಬ್ಬ ತುಂಬಬೇಕು. ತುಂಬಲು ಒಂದು ನಿಮಿಷದ ಮೇಲೆ ಆರು ಸೆಕೆಂಡು ಹಿಡಿಯಿತು. ಮೂರು ಸಲ ಹಿಡಿದರೂ ಅಷ್ಟೇ.

“ನೋಡ್ದಾ? ಬಡಾಯಿ ಕೊಚ್ತೈತೆ ನನ್ಮಗಂದು. ಬಿಡೋದು ಕಮ್ಮಿ, ಹೇಳೋದು ಜಾಸ್ತಿ” ಎಂದು ಮೇಸ್ತ್ರಿ ಗೆದ್ದ ಮುಖ ಮಾಡಿದರು. ಗಾಜಿನ ಮೇಲೆ ಹದಿನಾರೂವರೆಯ ಗೀಟಿಗೆ ಒಂದು ಕೆಂಪು ದಾರ ಕಟ್ಟಿದರು. ಇನ್ನು ಮುಂದೆ ಹದಿನೈದು ಲೀಟರು ಬೇಕಾದರೆ ಬುಗುರಿಯನ್ನು ದಾರದವರೆಗೆ ಏರಿಸಬೇಕು ಎಂದು ಆಪರೇಟರುಗಳಿಗೆಲ್ಲ ಅಪ್ಪಣೆಯಾಯಿತು. ನಾನೂ ತಲೆಯಾಡಿಸಿದೆ. ಗಡಿಯಾರ ಹಿಡಿದವಳೇ ನಾನು.

ಮರುದಿನದಿಂದ ಎಣ್ಣೆಯಲ್ಲಿ ಸಾಬೂನು ಬರತೊಡಗಿತು. ನಾನು ಪರೀಕ್ಷೆ ಮಾಡಿ ಕಾಸ್ಟಿಕ್ ಹೆಚ್ಚಾಗಿದೆ ಎಂದು ಬರೆದೆ. ಮೇಸ್ತ್ರಿ ನನ್ನ ಚೀಟಿಯನ್ನು ಓದಿ, ನೇರ ಲ್ಯಾಬಿಗೆ ಬಂದು, ಜೇಬಿನಿಂದ ಗುಂಡು ತೆಗೆದು ನನ್ನ ಬ್ಯೂರೆಟ್ಟಿನ ಪಕ್ಕಕ್ಕೆ ಇಳಿಬಿಟ್ಟರು. ಬ್ಯೂರೆಟ್ ಎಂದರೆ ಹನಿ ಹನಿಯಾಗಿ ದ್ರಾವಣ ಬಿಟ್ಟು ಅಳೆಯುವ ಗಾಜಿನ ನಳಿಕೆ. ನನ್ನ ಗ್ರಹಚಾರಕ್ಕೆ ಅದು ಅಂದು ಒಂದು ನೂಲಿನಷ್ಟು ವಾಲಿತ್ತು.

“ನಿಂದೇ ನೆಟ್ಟಗಿಲ್ವಲ್ಲ ತಾಯಿ” ಎಂದರು.

ಅದನ್ನು ಅವರು ಮೆತ್ತಗೆ ಹೇಳಿದ್ದರೆ ಮುಗಿಯುತ್ತಿತ್ತು. ಯಂತ್ರಗಳ ಸದ್ದಿನ ನಡುವೆ ಮೂವತ್ತೈದು ವರ್ಷ ದುಡಿದವರ ಗಂಟಲು, ಇಡೀ ಮಿಲ್ಲಿಗೆ ಕೇಳಿಸಿತು. ನಾನು ಬ್ಯೂರೆಟ್ಟನ್ನು ನೆಟ್ಟಗೆ ಮಾಡಿ ಮತ್ತೆ ಪರೀಕ್ಷೆ ಮಾಡಿದೆ. ಉತ್ತರ ಅದೇ ಬಂತು. ಕೇಳುವವರು ಯಾರು? ಲ್ಯಾಬಿನ ಹುಡುಗಿಗೆ ಅಳೆಯಲು ಬರುವುದಿಲ್ಲ ಎಂದು ಆಗಲೇ ಚಹಾದಂಗಡಿಯಲ್ಲಿ ತೀರ್ಮಾನವಾಗಿತ್ತು.

ಎರಡು ವಾರ ಹೀಗೇ ನಡೆಯಿತು. ಮ್ಯಾನೇಜರು ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವ ಪೈಕಿ. ಶನಿವಾರ ನನ್ನನ್ನು ಕರೆದು, “ಮೇಸ್ತ್ರಿ ಮೀಟರ್ ನೋಡಿದಾರೆ, ಅದರಲ್ಲಿ ಏನೂ ಮಾತಿಲ್ಲ. ಹಂಗಂದ ಮೇಲೆ ಇನ್ನೇನಮ್ಮ ಉಳೀತು? ಸೋಮವಾರ ಬಂದು ಲ್ಯಾಬಿನ ಬೀಗದಕೈ ಒಪ್ಪಿಸಿಬಿಡು” ಎಂದರು. ಮೇಸ್ತ್ರಿ ಅಲ್ಲೇ ನಿಂತಿದ್ದರು. ನನಗೆ ಅವರ ಮೇಲೆ ಬಂದ ಸಿಟ್ಟನ್ನು ಇಲ್ಲಿ ಬರೆಯಲಾರೆ, ಸತ್ತವರ ಬಗ್ಗೆ ಹಾಗೆಲ್ಲ ಬರೆಯಬಾರದು.

ಆ ಭಾನುವಾರ ಬೆಳಿಗ್ಗೆ ಮನೆಯಲ್ಲಿ ಕೂತು ಎರಡು ವಾರದ ಪರೀಕ್ಷೆಗಳನ್ನೆಲ್ಲ ಮನಸ್ಸಿನಲ್ಲೇ ಮತ್ತೆ ಮಾಡಿದೆ. ಎಷ್ಟು ಹನಿ ಬಿಟ್ಟೆ, ಬಣ್ಣ ಯಾವಾಗ ತಿರುಗಿತು, ಕೈ ನಡುಗಿತ್ತೆ? ಡಬ್ಬದ ಲೆಕ್ಕವನ್ನು ಕಣ್ಣಾರೆ ನೋಡಿದ್ದೇನೆ, ಅದು ತಪ್ಪಿರಲಾರದು. ಹಾಗಾದರೆ ತಪ್ಪಿರುವುದು ನನ್ನ ಕೈ. ಮಧ್ಯಾಹ್ನದ ಹೊತ್ತಿಗೆ ಸಿಟ್ಟೆಲ್ಲ ಇಳಿದು, ನನಗೆ ಈ ಕೆಲಸ ನಿಜವಾಗಿಯೂ ಬರುವುದಿಲ್ಲ ಎಂಬ ತೀರ್ಮಾನಕ್ಕೆ ಬಂದಿದ್ದೆ. ಸಿಟ್ಟೇ ಎಷ್ಟೋ ವಾಸಿಯಾಗಿತ್ತು.

ಅವ್ವನ ಸಿಟ್ಟು ಮಾತ್ರ ಇಳಿದಿರಲಿಲ್ಲ. ಸಂಜೆ ನಾಲ್ಕರ ಸುಮಾರಿಗೆ ಯಾರೋ ಎತ್ತರದ, ಬಾಗಿದ ಮುದುಕರು ಹೆಗಲ ಮೇಲೊಂದು ಎಣ್ಣೆ ಡಬ್ಬ ಹೊತ್ತುಕೊಂಡು ಬಾಗಿಲಿಗೆ ಬಂದು, “ಲ್ಯಾಬಿನ ಹುಡುಗಿ ಮನೆ ಇದೇನಾ ತಾಯಿ?” ಎಂದು ಕೇಳಿದರು. ಬಿಸಿಲಲ್ಲಿ ಬಂದವರೆಂದು ಅವ್ವ ಒಳಗೆ ಕರೆದು, ನೀರು ಕೊಟ್ಟು, ಮಂಡಕ್ಕಿ ಒಗ್ಗರಣೆ ಹಾಕಿದ ತಟ್ಟೆ ಮುಂದಿಟ್ಟು, ಕೇಳುವ ಕಿವಿ ಸಿಕ್ಕಿತೆಂದು ಶುರುವಿಟ್ಟಳು. ನಾನು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದೆ.

“ಮಿಲ್ಲಿನ ಕಡೆಯೋರಾ ಅಣ್ಣ? ಅಲ್ಲೊಬ್ಬ ಮೇಸ್ತ್ರಿ ಅವ್ನಂತಲ್ಲ, ಅವನ ಬಾಯಿಗೆ ಮಣ್ಣು ಬೀಳ.”

“ಬೀಳ್ಬೇಕು ಕಣವ್ವ” ಎಂದರು ಬಂದವರು.

“ಹೆಣ್ಣುಮಗೂನ ಅನ್ನ ಕಿತ್ಕೊಂಡನಲ್ಲ, ಅವನಿಗೆ ಕಣ್ಣಿಲ್ವಾ?”

“ಕಣ್ಣು ಅವೆ. ಬುದ್ಧಿ ಇಲ್ಲ.”

“ಜೇಬಲ್ಲಿ ಗುಂಡು ಇಟ್ಕಂಡು ತಿರುಗ್ತಾನಂತೆ, ಹುಚ್ಚ!”

“ಹುಚ್ಚೇ ಅನ್ನು. ಆ ಗುಂಡು ತಲೆ ಮೇಲೆ ಬೀಳ್ಬೇಕಿತ್ತು” ಎಂದು ಅವರು ಮಂಡಕ್ಕಿ ತಿನ್ನುತ್ತಲೇ ಒಪ್ಪಿಕೊಂಡರು. ಇಷ್ಟು ಚೆನ್ನಾಗಿ ಬೈಗುಳಕ್ಕೆ ಹೂಂಗುಟ್ಟುವವರು ಅವ್ವನಿಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ. ಅವಳು ಮೇಸ್ತ್ರಿಯ ತಂದೆ ತಾಯಿಯವರೆಗೆ ಹೋಗಿ, ಚಹಾ ಇಡಲು ಎದ್ದಳು. ಅಷ್ಟರಲ್ಲಿ ದನಿ ಗುರುತು ಹಿಡಿದು ನಾನು ಒದ್ದೆ ಕೈಯಲ್ಲೇ ಒಳಗೆ ಓಡಿಬಂದೆ. ಮೇಸ್ತ್ರಿ ನನ್ನನ್ನು ನೋಡಿ ಎದ್ದು ನಿಂತರು.

“ತಪ್ಪು ನಂದು ಕಣವ್ವ” ಎಂದರು. “ಮೀಟರ್ ಸರಿ ಐತೆ. ನಿನ್ನ ಕೈ ಸರಿ ಐತೆ. ಡಬ್ಬ ಹದಿನೈದು ಲೀಟರಲ್ಲ, ಹದಿನೈದು ಕಿಲೋ.”

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ, ಆಮೇಲೆ ಕಪಾಳಕ್ಕೆ ಹೊಡೆದಂತಾಯಿತು. ನಮ್ಮೂರಲ್ಲಿ ಡಬ್ಬ ಎಂದರೆ ಹದಿನೈದು. ಹದಿನೈದು ಏನು ಎಂದು ಯಾರೂ ಕೇಳುವುದಿಲ್ಲ, ಕೇಳುವ ಅಗತ್ಯವೂ ಇಲ್ಲ, ಡಬ್ಬದಲ್ಲಿ ಎಣ್ಣೆಯಲ್ಲದೆ ಬೇರೇನೂ ಇರುವುದಿಲ್ಲ. ಎಣ್ಣೆ ಹಗುರ. ಹದಿನೈದು ಕಿಲೋ ಎಣ್ಣೆಗೆ ಹದಿನಾರೂವರೆ ಲೀಟರಿನಷ್ಟು ಜಾಗ ಬೇಕು. ಆರು ಸೆಕೆಂಡು ಹೆಚ್ಚಿಗೆ ಹಿಡಿದದ್ದು ಅದಕ್ಕೇ. ನಿಜ ಹೇಳುತ್ತಿದ್ದ ಮೀಟರಿಗೆ ನಾವು ದಾರ ಕಟ್ಟಿ ಸುಳ್ಳು ಹೇಳಿಸಿದ್ದೆವು. ರಸಾಯನಶಾಸ್ತ್ರ ಓದಿದ ನಾನು ಪಕ್ಕದಲ್ಲಿ ಗಡಿಯಾರ ಹಿಡಿದು ನಿಂತಿದ್ದೆ!

ಒಲೆಯ ಮುಂದಿದ್ದ ಅವ್ವ ನಿಧಾನವಾಗಿ ತಿರುಗಿ ನೋಡಿದಳು. “ಅಯ್ಯೋ, ಆ ಮೇಸ್ತ್ರಿ ನೀವೇನಾ?” ಎಂದಳು.

“ಇನ್ನೂ ಏನಾರ ಉಳಿದಿದ್ರೆ ಬಯ್ದುಬಿಡವ್ವ, ಆಮೇಲೆ ಚಹಾ ಕೊಡು” ಎಂದರು ಮೇಸ್ತ್ರಿ.

ಅವ್ವನಿಗೆ ನಿಜಕ್ಕೂ ಇನ್ನೂ ಉಳಿದಿತ್ತು. ಅದನ್ನೂ ಮುಗಿಸಿಯೇ ಚಹಾ ಕೊಟ್ಟಳು.

ಸೋಮವಾರ ಬೆಳಿಗ್ಗೆ ಮೇಸ್ತ್ರಿ ಎಲ್ಲರನ್ನೂ ಮೀಟರಿನ ಹತ್ತಿರ ಕರೆದರು. ಲೀಟರಿನ ಅಳತೆ ಪಾತ್ರೆಯಿಂದ ಡಬ್ಬಕ್ಕೆ ಒಂದೊಂದೇ ಲೀಟರು ನೀರು ಹುಯ್ದು ತೋರಿಸಿದರು. ಮ್ಯಾನೇಜರು, “ಆಯ್ತು ಬಿಡ್ರಿ ಮೇಸ್ತ್ರಿ, ಡಬ್ಬದಿಂದ ಆದ ತಪ್ಪು ಅಂತ ಬರ್ಕೊಳ್ಳೋಣ” ಎಂದು ಅವರ ಮಾನ ಉಳಿಸಲು ನೋಡಿದರು. “ಡಬ್ಬ ಏನ್ ಮಾಡ್ತು ಸಾರ್ ಪಾಪ? ಯಾರಿಗ್ ಬರೆದ ಅಂಕಿ ಅಂತ ಕೇಳ್ದೆ ಇದ್ದೋನು ನಾನು. ಆ ಮಗೂಗೆ ಎಲ್ಲಾರ ಮುಂದೆ ಅಂದಿದ್ದೀನಿ, ಎಲ್ಲಾರ ಮುಂದೇನೇ ವಾಪಸ್ ತಗಂತೀನಿ” ಎಂದರು. ಆ ದೊಡ್ಡ ಗಂಟಲಿನಲ್ಲೇ ಹೇಳಿದರು. ಗೇಟಿನಾಚೆ ಚಹಾದಂಗಡಿಯ ಸಾಬರಿಗೂ ಕೇಳಿಸಿತಂತೆ.

ಬೀಗದಕೈ ನನ್ನಲ್ಲೇ ಉಳಿಯಿತು. ಮೇಸ್ತ್ರಿ ಮೂರು ತಿಂಗಳಾದ ಮೇಲೆ ನಿವೃತ್ತರಾದರು. ಆ ಮೂರು ತಿಂಗಳಲ್ಲಿ ಚಿಲ್ಲರೆ ಪಲ್ಲರೆ ಆಪರೇಟರುಗಳೆಲ್ಲ, “ಮೇಸ್ತ್ರಿ, ಡಬ್ಬ ಅಂದ್ರೆ ಎಷ್ಟು?” ಎಂದು ಕೇಳಿ ನಗುವುದಿತ್ತು. ಅವರು ಪ್ರತಿ ಸಲವೂ ಗಂಭೀರವಾಗಿ, “ಎಣ್ಣೆಗೋ, ನೀರಿಗೋ?” ಎಂದು ಕೇಳುತ್ತಿದ್ದರು. ಅದನ್ನು ಹೇಗೆ ಕಂಡುಹಿಡಿದಿರಿ ಎಂದು ನಾನೂ ಕೇಳಿದ್ದೆ. “ನೀರು ತರೋಕೆ ಹೋಗಿದ್ದೆ” ಎಂದಷ್ಟೇ ಹೇಳಿ ಬೇರೆ ಮಾತಿಗೆ ಹೊರಳಿದರು.

ಪೂರ್ತಿ ಸಂಗತಿ ಗೊತ್ತಾದದ್ದು ಅವರ ತಿಥಿಗೆ ಕೊಂಡ್ಲಹಳ್ಳಿಗೆ ಹೋದಾಗ. ಊಟ ಮುಗಿದು ಹೆಂಗಸರೆಲ್ಲ ಪಡಸಾಲೆಯಲ್ಲಿ ಕೂತಿದ್ದೆವು. ಮೇಸ್ತ್ರಿಯ ಹೆಂಡತಿ ಕಣ್ಣೊರೆಸಿಕೊಂಡು ಹೇಳತೊಡಗಿದರು. ಊರಿನ ಶುದ್ಧ ನೀರಿನ ಘಟಕದಲ್ಲಿ ಇಪ್ಪತ್ತು ಲೀಟರಿನ ಕ್ಯಾನು ತುಂಬಿಸಿಕೊಂಡು ಬಂದು, ಮನೆಯ ಹಳೆಯ ಎಣ್ಣೆ ಡಬ್ಬ ತುಂಬಿಸಿ, ಉಳಿದದ್ದನ್ನು ಐದು ಲೀಟರಿನ ಕುಕ್ಕರಿಗೆ ಹುಯ್ಯುವುದು ಇವರ ರೂಢಿ. ಕುಕ್ಕರು ಎಂದೂ ತುಂಬುತ್ತಿರಲಿಲ್ಲ. ನೀರಿನವನು ಮೋಸ ಮಾಡುತ್ತಾನೆ ಎಂದು ಇವರೇ ದಿನವೂ ಗಂಡನಿಗೆ ಹೇಳಿ ಹೇಳಿ, ಆ ಭಾನುವಾರ ಬೆಳಿಗ್ಗೆ ಮೇಸ್ತ್ರಿ ಕ್ಯಾನು, ಡಬ್ಬ, ಕುಕ್ಕರು ಮೂರನ್ನೂ ಹೊತ್ತುಕೊಂಡು ಜಗಳಕ್ಕೆ ಹೋದರಂತೆ.

“ಮೂವತ್ತೈದು ವರ್ಷ ಅಳತೆ ಕೆಲ್ಸ ಮಾಡಿದೀನಿ, ನನಗೇ ಟೋಪಿ ಹಾಕ್ತೀಯೇನಲೇ ಅಂತ ಕೂಗಾಡಿದ್ರವ್ವ” ಎಂದರು ಅವರ ಹೆಂಡತಿ. “ಅವ್ನು ಸುಮ್ನೆ ಒಂದ್ಲೀಟರ್ ಬಾಟ್ಲಿ ತಂದ. ಸಾಲಲ್ ನಿಂತಿದ್ದೋರೆಲ್ಲ ಎಣಿಸೋಕ್ ಶುರು ಮಾಡಿದ್ರು. ಅರ್ಧ ಜನ ಕನ್ನಡದಾಗೆ, ಅರ್ಧ ಜನ ತೆಲುಗಿನಾಗೆ. ಹದಿನೈದು, ಪದಿಹೇನು ಅಂದ್ರೂ ಡಬ್ಬ ತುಂಬ್ಲಿಲ್ಲ. ಹದಿನಾರು, ಪದಹಾರು ಅಂದ್ರೂ ತುಂಬ್ಲಿಲ್ಲ. ಜನ ಹೋ ಅಂತ ನಕ್ರು. ಇವ್ರು ಮಾತ್ರ ಡಬ್ಬಾನೇ ನೋಡ್ಕಂತ ನಿಂತ್ಬಿಟ್ರು.”

ಸಾವಿನ ಮನೆ ಎಂಬುದನ್ನು ಮರೆತು ಹೆಂಗಸರೆಲ್ಲ ನಗುತ್ತಿದ್ದೆವು. ಅವರೂ ನಗುತ್ತಿದ್ದರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದರು.

“ಮನೆಗ್ ಬಂದೋರು ಊಟಕ್ ಕೂತು ಎರಡು ತುತ್ತು ತಿಂದು ಎದ್ಬಿಟ್ರು. ಚಳ್ಳಕೆರೆಗ್ ಹೋಗ್ಬೇಕು ಅಂದ್ರು. ನಾನಂದೆ, ಇವತ್ತು ರಜಾ, ಎಲ್ಲಿಗ್ ಹೋಗ್ತೀರಿ? ಇನ್ನ ಮೂರು ತಿಂಗಳಿಗೆ ಕೆಲ್ಸ ಬಿಡೋರು, ಇಷ್ಟು ವರ್ಷದ ಮರ್ಯಾದೆ ಯಾಕ್ ಕಳ್ಕಂತೀರಿ? ನಾಳೆ ಹೋಗಿ ಆ ದಾರ ಸದ್ದಿಲ್ದೆ ಬಿಚ್ಚಾಕ್ರಿ. ಎಣ್ಣೆ ಸರಿ ಹೋಗ್ತೈತೆ, ಆ ಹುಡುಗಿ ಕೆಲ್ಸಾನೂ ಉಳಿತೈತೆ, ಯಾರಿಗೂ ಗೊತ್ತಾಗಲ್ಲ. ಸುಳ್ಳಾ ನಾನು ಹೇಳಿದ್ದು?”

ಸುಳ್ಳಲ್ಲ ಎಂದೆ. ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆನೇನೋ.

“ಅದಕ್ಕೆ ಅವ್ರು, ‘ಕೆಲ್ಸ ಉಳಿತೈತೆ ಕಣೇ. ಆದ್ರೆ ಆ ಹುಡುಗಿ ಇಷ್ಟೊತ್ತಿಗೆ ತನ್ನ ಕೈಯೇ ಸರಿ ಇಲ್ಲ ಅಂತ ಕೂತಿರ್ತಾಳೆ. ನಾಳೆ ತಂಕ ಯಾಕ್ ಹಂಗೆ ಕೂರ್ಬೇಕು?’ ಅಂದೋರೇ ಡಬ್ಬ ಹೊತ್ಕಂಡು ಬಸ್ಸಿಗ್ ಹೋದ್ರು.”

ಆ ಭಾನುವಾರ ನನ್ನ ಮನಸ್ಸಿನಲ್ಲಿ ಇದ್ದದ್ದನ್ನು ನಾನು ಅವ್ವನಿಗೂ ಹೇಳಿರಲಿಲ್ಲ.